ಡಿವಿಡಿ ಡ್ರೈವ್ ಇದ್ದಕ್ಕಿದ್ದಂಗೆ ಮಾಯ, ನಾನೇನೂ ಮಾಡಿಲ್ಲ

ಹಳೇಡಬ್ಬ

ಎಲ್ರಿಗೂ ನಮಸ್ಕಾರ. ನನ್ ಹತ್ರ ಇರೋದು ಹಳೇ ಡೆಸ್ಕ್‌ಟಾಪು, ವಿಂಡೋಸ್ 10, ಒಳಗಡೆ ಸಾಟಾ (ಡ್ರೈವನ್ನ ಬೋರ್ಡಿಗೆ ಜೋಡಿಸೋ ಒಂದು ಥರದ ಕನೆಕ್ಷನ್) ಡಿವಿಡಿ ರೈಟರ್ ಇದೆ, ವರ್ಷಕ್ಕೆ ಒಂದ್ಸಲ ಮುಟ್ಟಿದ್ರೆ ಹೆಚ್ಚು. ಮೊನ್ನೆ ಬೀರು ಕ್ಲೀನ್ ಮಾಡುವಾಗ ಒಂದು ಡಬ್ಬ ತುಂಬಾ ಡಿಸ್ಕ್ ಸಿಕ್ತು. 2006ರಿಂದ 2012ರ ತನಕ ನಾನೇ ಬರ್ನ್ ಮಾಡಿ ಇಟ್ಟಿದ್ದು, ಫೋಟೋಗಳು, ಆಮೇಲೆ ಅಪ್ಪ ಮಾತಾಡಿರೋ ಒಂದು ವಿಡಿಯೋ. ಅಪ್ಪ ಈಗಿಲ್ಲ. ಆ ವಿಡಿಯೋ ಇನ್ನೆಲ್ಲೂ ಇಲ್ಲ, ಅಷ್ಟರಲ್ಲಿ ಹಾರ್ಡ್‌ಡಿಸ್ಕ್ ಎರಡು ಸಲ ಬದಲಾಗಿದೆ.

ಸರಿ ಎಲ್ಲಾ ಕಾಪಿ ಮಾಡ್ಕೊಂಡ್ಬಿಡೋಣ ಅಂತ ಕೂತ್ರೆ ದಿಸ್ ಪೀಸಿಯಲ್ಲಿ ಡಿವಿಡಿ ಡ್ರೈವೇ ಕಾಣ್ತಿಲ್ಲ. ಸಿ ಇದೆ, ಡಿ ಇದೆ, ಇ ಇರಬೇಕಾದ ಜಾಗ ಖಾಲಿ. ಬಟನ್ ಒತ್ತಿದ್ರೆ ಟ್ರೇ ಆಚೆ ಬರುತ್ತೆ, ಒಳಗೆ ಹೋಗುತ್ತೆ, ಲೈಟೂ ಹತ್ತುತ್ತೆ. ನಾನೇನೂ ಮಾಡಿಲ್ಲ, ಹೋದ ತಿಂಗಳು ಒಂದು ಹಾಡಿನ ಸೀಡಿ ಹಾಕ್ದಾಗ ಚೆನ್ನಾಗೇ ಓಡ್ತಿತ್ತು. ಡ್ರೈವ್ ಸತ್ತಿದೆಯಾ ಅಥ್ವಾ ಬೇರೆ ಏನಾದ್ರೂನಾ, ಗೊತ್ತಿರೋರು ಹೇಳಿ ಪ್ಲೀಸ್.

ಸುಮ್ನೆಬಂದೆ

ಯಾರ್ ಗುರು ಈ ಕಾಲದಲ್ಲಿ ಸೀಡಿ ಡಿವಿಡಿ ಎಲ್ಲಾ, ಎತ್ತಿ ಬಿಸಾಕಿ ಪೆನ್‌ಡ್ರೈವ್ ತಗೊಳ್ಳಿ

ಹಳೇಡಬ್ಬ

ಪೆನ್‌ಡ್ರೈವ್ ತಗೊಂಡ್ರೆ ಅದ್ರೊಳಗೆ ಅಪ್ಪ ತಾನಾಗೇ ಬಂದು ಕೂರ್ತಾರಾ ಗುರು. ಪೋಸ್ಟ್ ಓದಿ ಆಮೇಲೆ ಬರೀರಿ.

ಸ್ಕ್ರೂಡ್ರೈವರ್_ಸರ

ನೋಡ್ರಿ ಸರ, ಬಿಚ್ಚೂಕಿಂತ ಮೊದ್ಲ ಒಂದೆರಡು ಸಂಗತಿ ಗೊತ್ತಾಗಬೇಕು. ಟ್ರೇ ಹೊರಗ ಬರ್ತೈತಿ ಅಂದ್ರ ಡ್ರೈವಿಗೆ ಕರೆಂಟ್ ಹೊಂಟೈತಿ ಅಂತ ಅಷ್ಟ ಅರ್ಥ, ಡೇಟಾ ಕೇಬಲ್ ಸರಿ ಐತಿ ಅಂತ ಅಲ್ಲ, ಯಾಕಂದ್ರ ಸಾಟಾದಾಗ ಪವರಿನ ವಾಯರ್ ಬ್ಯಾರೆ, ಡೇಟಾ ವಾಯರ್ ಬ್ಯಾರೆ. ಡೇಟಾ ಕೇಬಲ್ ಕಿತ್ತು ಹಾಕಿದ್ರೂ ಟ್ರೇ ಆರಾಮಾಗಿ ಒಳಗ ಹೊರಗ ಮಾಡ್ತೈತಿ.

ಅದಕ್ಕ ಮೊದ್ಲ ಮಷಿನ್ ರೀಸ್ಟಾರ್ಟ್ ಮಾಡಿ ಬಯಾಸಿಗೆ (ವಿಂಡೋಸ್ ಬರೂಕಿಂತ ಮೊದ್ಲ ತೆರೆಯೂ ಸೆಟ್ಟಿಂಗ್ಸ್ ಪರದೆ) ಹೋಗ್ರಿ, ಅಲ್ಲಿ ಡ್ರೈವಿನ ಹೆಸರು ಕಾಣಸ್ತೈತೇನ ನೋಡ್ರಿ. ಅಲ್ಲೇ ಇಲ್ಲಂದ್ರ ವಿಂಡೋಸ್ ಮ್ಯಾಲ ಸಿಟ್ಟು ಮಾಡಿ ಉಪಯೋಗ ಇಲ್ಲ, ಕೇಬಲ್ ಬದಲ್ ಮಾಡ್ರಿ, ಬೋರ್ಡ್ ಮ್ಯಾಲ ಇನ್ನೊಂದು ಸಾಟಾ ಪೋರ್ಟಿಗೆ ಹಾಕಿ ನೋಡ್ರಿ. ಅಲ್ಲಿ ಐತಿ, ವಿಂಡೋಸಿನಾಗ ಇಲ್ಲ ಅಂದ್ರ ಡಿವೈಸ್ ಮ್ಯಾನೇಜರ್ ತಗದು ಡಿವಿಡಿ ಡ್ರೈವಿನ ಮುಂದ ಹಳದಿ ಗುರ್ತು ಐತೇನ, ಪ್ರಾಪರ್ಟೀಸಿನಾಗ ಕೋಡ್ ನಂಬರ್ ಎಷ್ಟು, ಬರೀರಿ. ಆ ನಂಬರ್ ಇಲ್ಲದ ನಾವೆಲ್ಲಾ ಕತ್ತಲಾಗ ಕಲ್ಲು ಒಗದಂಗ.

ಹಳೇಡಬ್ಬ

ಥ್ಯಾಂಕ್ಸ್ ಸಾರ್. ಬಯಾಸ್‌ನಲ್ಲಿ ಹೆಸರು ಬರ್ತಿದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ತ್ರಿಕೋನ ಇದೆ, ಕೋಡ್ 19. ಕಾನ್ಫಿಗರೇಶನ್ ಮಾಹಿತಿ ಅರ್ಧಂಬರ್ಧ ಇದೆ ಇಲ್ಲಾ ಹಾಳಾಗಿದೆ ಅಂತ ಏನೋ ಬರೆದಿದೆ. ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದೆ, ಮತ್ತೆ ಅದೇ.

ಕಡಲಕಂಪ್ಯೂಟರ್

ಹಾ, ಕೋಡ್ 19 ಅಂದ್ರೆ ನಿಮ್ಮ ಡ್ರೈವಿಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ, ಖುಷಿ ಪಡಿ. ಇದು ರಿಜಿಸ್ಟ್ರಿಯ ತೊಂದರೆ, ಅಂದ್ರೆ ವಿಂಡೋಸ್ ತನ್ನ ಸೆಟ್ಟಿಂಗ್ಸ್ ಎಲ್ಲ ಬರೆದಿಡುವ ಜಾಗದ್ದು. ಸತ್ಯ ಹೇಳಿ, ಇತ್ತೀಚೆಗೆ ಯಾವುದಾದ್ರೂ ಡಿಸ್ಕ್ ಬರ್ನ್ ಮಾಡುವ ಸಾಫ್ಟ್‌ವೇರ್ ತೆಗ್ದಿದ್ದೀರಾ? ಇಲ್ಲ ವರ್ಚುವಲ್ ಡ್ರೈವ್ ಮಾಡುವಂಥದ್ದು?

ಎಂತ ಆಗ್ತದೆ ಅಂದ್ರೆ ಈ ಸಾಫ್ಟ್‌ವೇರ್‌ಗಳು ಇನ್‌ಸ್ಟಾಲ್ ಆಗುವಾಗ ವಿಂಡೋಸಿಗೂ ಡ್ರೈವಿಗೂ ಮಧ್ಯ ತಮ್ಮದೊಂದು ಸಣ್ಣ ಡ್ರೈವರ್ ತುರುಕ್ತವೆ, ಗೇಟಿನಲ್ಲಿ ವಾಚ್‌ಮನ್ ನಿಲ್ಲಿಸಿದ ಹಾಗೆ. ಸಾಫ್ಟ್‌ವೇರ್ ತೆಗೆದಾಗ ವಾಚ್‌ಮನ್ ಹೋಗ್ತಾನೆ, ಆದ್ರೆ "ಅವನನ್ನು ಕೇಳದೆ ಒಳಗೆ ಬಿಡಬಾರದು" ಅಂತ ಬರೆದ ಬೋರ್ಡ್ ಅಲ್ಲೇ ಉಳೀತದೆ. ವಿಂಡೋಸ್ ಆ ಬೋರ್ಡ್ ಓದಿ, ಇಲ್ಲದ ವಾಚ್‌ಮನ್‌ನ ಹುಡುಕಿ ಹುಡುಕಿ ಕಡೆಗೆ ಡ್ರೈವನ್ನೇ ಸ್ಟಾರ್ಟ್ ಮಾಡುದಿಲ್ಲ.

ರಿಜಿಸ್ಟ್ರಿ ಎಡಿಟರ್ ತೆಗೀರಿ, ಲೋಕಲ್ ಮಷೀನ್, ಸಿಸ್ಟಮ್, ಕರೆಂಟ್ ಕಂಟ್ರೋಲ್ ಸೆಟ್, ಕಂಟ್ರೋಲ್, ಕ್ಲಾಸ್, ಹೀಗೆ ಒಳಗೆ ಹೋದ್ರೆ ಉದ್ದುದ್ದ ನಂಬರಿನ ಒಟ್ರಾಶಿ ಫೋಲ್ಡರ್ ಉಂಟು. ಅದ್ರಲ್ಲಿ 4ಡಿ36ಇ965 ಅಂತ ಶುರು ಆಗುವುದು ನಿಮ್ದು. ಬಲಗಡೆ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಅಂತ ಉಂಟಲ್ಲ, ಎರಡೂ ಇರಬಹುದು, ಒಂದೇ ಇರಬಹುದು. ಇದ್ದದ್ದನ್ನು ಡಿಲೀಟ್ ಮಾಡಿ ರೀಸ್ಟಾರ್ಟ್ ಮಾಡಿ. ಆದ್ರೆ ಮೊದ್ಲು ಆ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಮಾಡಿಟ್ಕೊಳ್ಳಿ ಆಯ್ತಾ.

ಮತ್ತೆ ನಂಬರ್ ಮೂರು ಸಲ ಓದಿ!! 965 ನಿಮ್ಮ ಡಿವಿಡಿ, 967 ಹಾರ್ಡ್‌ಡಿಸ್ಕ್, 96ಬಿ ಕೀಬೋರ್ಡ್. ಅಲ್ಲೆಲ್ಲ ಸಹ ಇದೇ ಅಪ್ಪರ್‌ಫಿಲ್ಟರ್ಸ್ ಇರ್ತದೆ, ಆದ್ರೆ ಅದು ಬೇಕು. ನಾನು ಒಮ್ಮೆ ನಿದ್ದೆಗಣ್ಣಲ್ಲಿ ಕೀಬೋರ್ಡಿನದ್ದು ಅಳಿಸಿ, ರೀಸ್ಟಾರ್ಟ್ ಆದ ಮೇಲೆ ಪಾಸ್‌ವರ್ಡ್ ಹೊಡೀಲಿಕ್ಕೆ ಸಹ ಆಗದೆ ಕೂತಿದ್ದೆ.

ಹಳೇಡಬ್ಬ

ಅಯ್ಯೋ. ಒಪ್ಕೊತೀನಿ. ನಾನೇನೂ ಮಾಡಿಲ್ಲ ಅಂದಿದ್ನಲ್ಲ, ಮಾಡಿದ್ದೆ. ಹೋದ ವಾರ ಜಾಗ ಖಾಲಿ ಮಾಡೋಣ ಅಂತ ಒಂದು ಹಳೇ ಬರ್ನಿಂಗ್ ಸಾಫ್ಟ್‌ವೇರ್ ತೆಗೆದುಹಾಕಿದ್ದೆ, ಅದಕ್ಕೂ ಇದಕ್ಕೂ ಏನು ಸಂಬಂಧ ಅಂತ ತಲೆಗೇ ಹೋಗಿರ್ಲಿಲ್ಲ.

965 ಅಂತ ಮೂರಲ್ಲ ಐದು ಸಲ ಓದಿ ಎರಡೂ ಅಳಿಸಿದೆ. ರೀಸ್ಟಾರ್ಟ್ ಆದ್ಮೇಲೆ ಡ್ರೈವ್ ಬಂದೇ ಬಿಡ್ತು!! ಕುಣಿದಾಡಿಬಿಟ್ಟೆ.

ಆದ್ರೆ ಕುಣಿತ ಐದು ನಿಮಿಷ ಅಷ್ಟೇ. ಹಾಡಿನ ಸೀಡಿ ಹಾಕಿದೆ, ಓಡ್ತು. ಫೋಟೋದ ಡಿವಿಡಿ ಹಾಕಿದೆ, ಸುಯ್ ಅಂತ ತಿರುಗೋಕೆ ಶುರು ಮಾಡುತ್ತೆ, ಕಿಟ್ ಅನ್ನುತ್ತೆ, ನಿಲ್ಲುತ್ತೆ, ಮತ್ತೆ ತಿರುಗುತ್ತೆ, ಕಿಟ್ ಕಿಟ್, ಹಿಂಗೆ ಮೂರು ನಾಕು ಸಲ ಆಗಿ ಲೈಟ್ ಆರಿಹೋಗಿ "ಡಿಸ್ಕ್ ಹಾಕಿ" ಅಂತ ಕೇಳುತ್ತೆ. ಹಾಕಿದೀನಲ್ಲಪ್ಪ! ಬೇರೆ ಬೇರೆ ನಾಕು ಡಿವಿಡಿ ನೋಡ್ದೆ, ಎಲ್ಲಾದಕ್ಕೂ ಇದೇ ಕಥೆ. ಸೀಡಿ ಮಾತ್ರ ಓಕೆ. ಇದೂ ರಿಜಿಸ್ಟ್ರಿನಾ?

ಸ್ಕ್ರೂಡ್ರೈವರ್_ಸರ

ಇಲ್ರಿ, ಈಗ ಇದು ಕಬ್ಬಿಣ ಗಾಜಿನ ಸಂಗತಿ, ರಿಜಿಸ್ಟ್ರಿ ಮುಗೀತು.

ಸೀಡಿ ಓದ್ತೈತಿ ಡಿವಿಡಿ ಓದಂಗಿಲ್ಲ ಅನ್ನೂದು ಭಾಳ ಒಳ್ಳೆ ಸುಳಿವು. ನಿಮ್ಮ ಡ್ರೈವಿನಾಗ ಲೇಸರ್ ಒಂದಲ್ಲ, ಎರಡು. ಸೀಡಿಗೆ 780 ನ್ಯಾನೋಮೀಟರಿಂದು, ಅದು ಕಣ್ಣಿಗೆ ಕಾಣಸಂಗಿಲ್ಲ ಅಂದ್ರೂ ನಡೀತೈತಿ. ಡಿವಿಡಿಗೆ 650ರದ್ದು, ಕೆಂಪು. ಎರಡೂ ಒಂದ ಲೆನ್ಸ್ ದಾಟಿ ಮ್ಯಾಲ ಬರ್ತಾವ. ಡಿವಿಡಿ ಲೇಸರ್ ಒಂದ ಸತ್ರ ಸೀಡಿ ಅಷ್ಟ ಓದ್ತೈತಿ, ಇದನ್ನ ಕೇಳಿದ ಕೂಡಲೇ ಎಲ್ಲಾರೂ "ಲೇಸರ್ ಹೋತು" ಅಂತಾರ. ನಾ ಹಂಗ ಅನ್ನಂಗಿಲ್ಲ. ಯಾಕಂದ್ರ ಸೀಡಿಯೊಳಗ ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವ 1.6 ಮೈಕ್ರಾನ್ ಅಂತರ, ಡಿವಿಡಿಯೊಳಗ ಬರೇ 0.74. ಅರ್ಧಕ್ಕಿಂತ ಕಡಿಮಿ. ಲೆನ್ಸ್ ಮ್ಯಾಲ ಧೂಳಿನ ಪರದೆ ಕೂತಿದ್ರ ಸೀಡಿ ಹೆಂಗೋ ಸಂಭಾಳಿಸ್ಕೋತೈತಿ, ಡಿವಿಡಿ ಆಗಂಗಿಲ್ಲ. ಚಷ್ಮಾ ಮಸುಕಾದ್ರ ದೊಡ್ಡ ಅಕ್ಷರ ಓದಬಹುದು, ಸಣ್ಣ ಅಕ್ಷರ ಓದಾಕ ಬರಂಗಿಲ್ಲಲಾ, ಹಂಗ.

ಆ ಕಿಟ್ ಕಿಟ್ ಏನಂದ್ರ, ಲೆನ್ಸ್ ಮ್ಯಾಲ ಕೆಳಗ ಆಡಿ ಫೋಕಸ್ ಹುಡುಕೂದು, ಸಿಗಲಿಲ್ಲ ಅಂದ್ರ ಹೊಳ್ಳಿ ಮೊದಲಿಂದ. ವರ್ಷಗಟ್ಟಲೆ ಕೆಲಸ ಇಲ್ಲದ ಕೂತ ಡ್ರೈವಿನಾಗ ಧೂಳ ಕೂಡೂದು ಮಾಮೂಲಿ. ಮೊದ್ಲ ಲೆನ್ಸ್ ಸ್ವಚ್ಛ ಮಾಡ್ರಿ. ಬ್ರಷ್ ಇರೂ ಕ್ಲೀನಿಂಗ್ ಡಿಸ್ಕ್ ಸಿಗ್ತಾವ, ಒಮ್ಮೊಮ್ಮೆ ಕೆಲಸ ಮಾಡ್ತಾವ, ನನಗೇನ ಅದರ ಮ್ಯಾಲ ನಂಬಿಕಿ ಇಲ್ಲ, ತಿರುಗೂ ವೇಗದಾಗ ಗಟ್ಟಿ ಬ್ರಷ್ ಲೆನ್ಸಿಗೆ ಬಡಿಯೂದು ನನಗ ಸರಿ ಅನಸಂಗಿಲ್ಲ.

ಮತ್ತ ಒಂದು ಮಾತು, ನಿಮ್ಮ ಅಪ್ಪಾರ ಡಿಸ್ಕನ್ನ ಈ ಡ್ರೈವಿಗೆ ಪದೇ ಪದೇ ಹಾಕಿ ಪರೀಕ್ಷೆ ಮಾಡಬ್ಯಾಡ್ರಿ. ಹೋದ್ರ ಹೋಗ್ಲಿ ಅನ್ನೂವಂಥ ಡಿಸ್ಕ್ ಮ್ಯಾಲ ಪ್ರಯೋಗ ಮಾಡ್ರಿ.

ವೋಲ್ಟ್‌ವೀರ

ಲೆನ್ಸ್ ಪಕ್ಕ ಒಂದು ಚಿಕ್ಕ ಸ್ಕ್ರೂ ಇರುತ್ತೆ ಬ್ರೋ, ಲೇಸರ್ ಪವರ್ ಅಡ್ಜಸ್ಟ್ ಮಾಡೋದು, ಅದನ್ನ ಸ್ವಲ್ಪ ತಿರುಗಿಸಿ ಪವರ್ ಜಾಸ್ತಿ ಮಾಡಿ, ಎಲ್ಲಾ ಡಿಸ್ಕ್ ಓದುತ್ತೆ. ನಾನು ಹಳೇ ಸೀಡಿ ಪ್ಲೇಯರ್‌ಗೆ ಮಾಡಿದೀನಿ ಸೂಪರ್ ಆಗಿ ವರ್ಕ್ ಆಯ್ತು

ಸ್ಕ್ರೂಡ್ರೈವರ್_ಸರ

ತಮ್ಮಾ, ಎಷ್ಟು ದಿನ ವರ್ಕ್ ಆತು ಅದನ್ನೂ ಹೇಳು.

ವೋಲ್ಟ್‌ವೀರ

ಎರಡು ವಾರ :-)

ಕಡಲಕಂಪ್ಯೂಟರ್

ಅದೇ. ಲೇಸರ್ ಡಯೋಡಿಗೆ ಕರೆಂಟ್ ಜಾಸ್ತಿ ಕೊಟ್ರೆ ಎರಡು ದಿನ ಹಬ್ಬ, ಆಮೇಲೆ ತಿಥಿ. ಅದೂ ಇವ್ರದ್ದು ರೈಟರ್, ಬರೆಯುವ ಲೇಸರಿನ ಶಕ್ತಿ ಕಮ್ಮಿ ಎಂತ ಅಲ್ಲ, ಮುಚ್ಚಳ ತೆಗೆದು ಪವರ್ ಕೊಟ್ಟು ಬಗ್ಗಿ ನೋಡಿದ್ರೆ ಕಣ್ಣಿನ ರೆಟಿನಾ ಸುಟ್ಟೀತು. ಕ್ಲೀನ್ ಮಾಡುವಾಗ ಕರೆಂಟ್ ಪೂರಾ ತೆಗ್ದಿರ್ಬೇಕು ಸಾ, ಮರೀಬೇಡಿ.

ಹಳೇಡಬ್ಬ

ಇವತ್ತು ಭಾನುವಾರ ಅದೇ ಕೆಲಸ. ಪ್ಲಗ್ ಕಿತ್ತು, ಡ್ರೈವ್ ಆಚೆ ತೆಗೆದು, ಕೆಳಗಡೆ ಇರೋ ನಾಕು ಸ್ಕ್ರೂ ಬಿಚ್ಚಿದೆ, ಆದ್ರೂ ಮುಚ್ಚಳ ಬರ್ತಿಲ್ಲ, ಅರ್ಧ ಗಂಟೆ ಒದ್ದಾಡಿದ ಮೇಲೆ ಗೊತ್ತಾಯ್ತು ಮೊದ್ಲು ಟ್ರೇ ಆಚೆ ತಂದು ಅದರ ಮುಂದಿನ ಪಟ್ಟಿ ತೆಗೀಬೇಕು ಅಂತ. ಕರೆಂಟ್ ಇಲ್ದೆ ಟ್ರೇ ಹೆಂಗೆ ತೆಗಿಯೋದು ಅಂದ್ರೆ ಮುಂದೆ ಒಂದು ಸೂಜಿ ತೂತು ಇರುತ್ತಲ್ಲ, ಪೇಪರ್ ಕ್ಲಿಪ್ ನೇರ ಮಾಡಿ ಅದ್ರೊಳಗೆ ಒತ್ತಿದೆ, ಒಳಗೆ ಏನೋ ಹಲ್ಲು ಜರುಗಿದಂಗೆ ಆಗಿ ಟ್ರೇ ಒಂದು ಬೆರಳಷ್ಟು ಆಚೆ ಬಂತು. ಇಷ್ಟು ವರ್ಷ ಆ ತೂತು ಮೈಕ್ ಅಂದ್ಕೊಂಡಿದ್ದೆ ನಾನು, ನಗಬೇಡಿ.

ಒಳಗೆ ಲೆನ್ಸ್ ನೋಡಿ ಆಶ್ಚರ್ಯ ಆಯ್ತು, ಇಷ್ಟೇ ಇಷ್ಟು, ಅಂಗಿಯ ಚಿಕ್ಕ ಗುಂಡಿಗಿಂತಲೂ ಸಣ್ಣದು. ಮೇಲೆ ಬೂದಿ ಉದುರಿಸಿದಂಗೆ ಮಂಕು. ಪಕ್ಕದಿಂದ ನೋಡಿದ್ರೆ ಕೂದಲಿನಂಥ ತಂತಿಗಳ ಮೇಲೆ ತೂಗ್ತಾ ಇದೆ, ಹತ್ತಿಕಡ್ಡಿ ತಾಗಿಸಿದ್ರೆ ಸಾಕು ಕೆಳಗೆ ಹೋಗಿ ಮೇಲೆ ಬರುತ್ತೆ, ಎಲ್ಲಿ ಕಿತ್ತು ಬರುತ್ತೋ ಅಂತ ಉಸಿರು ಬಿಗಿ ಹಿಡ್ಕೊಂಡಿದ್ದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಒಂದೇ ಒಂದು ಹನಿ, ಕಡ್ಡಿ ಒದ್ದೆ ಆಗೋಷ್ಟು, ಒತ್ತದೆ ಒಂದೇ ದಿಕ್ಕಿಗೆ ಸವರಿದೆ. ಕಡ್ಡಿ ತುದಿ ಕಂದು ಬಣ್ಣಕ್ಕೆ ತಿರುಗ್ತು. ಆಮೇಲೆ ಒಣ ಕಡ್ಡಿಯಿಂದ ಒರೆಸಿದ ಮೇಲೆ ಲೆನ್ಸ್ ನೀಲಿ ಹೊಡೀತಾ ಹೊಳೀತು.

ಎಲ್ಲಾ ಜೋಡಿಸಿ ಹಾಕ್ದೆ. ರಿಸಲ್ಟು: ಅಂಗಡಿಯಲ್ಲಿ ಕೊಂಡಿದ್ದ ಸಿನಿಮಾ ಡಿವಿಡಿ ಓದ್ತು! ನಾನು ಬರ್ನ್ ಮಾಡಿದವುಗಳಲ್ಲಿ ಆರು ನೋಡ್ದೆ, ಮೂರು ಓದ್ತು, ಎರಡು ಅರ್ಧಕ್ಕೆ ನಿಲ್ತು, ಒಂದು ಆರ್‌ಡಬ್ಲ್ಯೂ ಡಿಸ್ಕ್ (ಅಳಿಸಿ ಮತ್ತೆ ಬರೆಯೋವಂಥದ್ದು) ಪೂರ್ತಿ ಇಲ್ಲ. ಸಿನಿಮಾ ಮಾತ್ರ ಕ್ಲಿಕ್ ಮಾಡಿದ್ರೆ ಪ್ಲೇ ಆಗ್ಲಿಲ್ಲ, ಫೋಲ್ಡರ್ ಕಾಣುತ್ತೆ ಅಷ್ಟೇ.

ಕಡಲಕಂಪ್ಯೂಟರ್

ಸಿನಿಮಾದ್ದು ಡ್ರೈವಿನ ತೊಂದರೆ ಅಲ್ಲ, ವಿಂಡೋಸ್ 10ರಲ್ಲಿ ಡಿವಿಡಿ ಸಿನಿಮಾ ಓಡಿಸುವ ವ್ಯವಸ್ಥೆಯೇ ಇಲ್ಲ, ವಿಎಲ್‌ಸಿ ಪ್ಲೇಯರ್ ಹಾಕಿ. ಆರ್‌ಡಬ್ಲ್ಯೂ ಡಿಸ್ಕ್ ಬೆಳಕನ್ನು ವಾಪಸ್ ಕಳಿಸುದೇ ಕಮ್ಮಿ, ಅಂಗಡಿ ಡಿಸ್ಕಿನ ಅರ್ಧದಷ್ಟೂ ಇಲ್ಲ, ಹಾಗಾಗಿ ಮುದಿ ಲೇಸರಿಗೆ ಅದೇ ಮೊದಲು ಕಷ್ಟ. ಕ್ಲೀನ್ ಮಾಡಿದ್ದಕ್ಕೆ ಇಷ್ಟು ಸಿಕ್ತಲ್ಲ, ಇನ್ನು ಇದನ್ನೇ ನಂಬಿ ಕೂರ್ಬೇಡಿ, ಯಾರತ್ರ ಆದ್ರೂ ಯುಎಸ್‌ಬಿ ಡ್ರೈವ್ ಇದ್ರೆ ಎರಡು ದಿನಕ್ಕೆ ತನ್ನಿ.

ಪೆಂಗ್ವಿನ್‌ಪ್ರೇಮಿ

ಲೇಟಾಗಿ ಬಂದೆ, ಕ್ಷಮಿಸಿ. ಅರ್ಧಕ್ಕೆ ನಿಲ್ಲೋ ಡಿಸ್ಕ್‌ಗಳ ಬಗ್ಗೆ ಹೇಳ್ತೀನಿ, ಯಾಕಂದ್ರೆ ಅಲ್ಲೇ ಜನ ತಪ್ಪು ಮಾಡೋದು, ಕಾಪಿ ಪೇಸ್ಟ್ ಕೊಟ್ಟು ಎರರ್ ಬಂದ್ರೆ ರೀಟ್ರೈ ರೀಟ್ರೈ ಅಂತ ಒತ್ತುತ್ತಾ ಕೂರ್ತಾರೆ.

ಡಿಸ್ಕ್ ಬರೆಯೋದು ಒಳಗಿನ ಸುತ್ತಿಂದ ಹೊರಗೆ, ಅಂದ್ರೆ ಕೊನೇ ಫೈಲುಗಳು ಅಂಚಿನ ಹತ್ರ ಇರುತ್ತೆ, ನಾವು ಬೆರಳಲ್ಲಿ ಹಿಡಿಯೋದೂ ಅದೇ ಅಂಚನ್ನ. ಮೊದ್ಲು ಒರೆಸಿ, ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಗೆರೆ ಎಳೆದಂಗೆ, ಗುಂಡಗೆ ತಿರುಗಿಸಿ ಒರೆಸಬೇಡಿ. ಗುಂಡಗೆ ಗೀರು ಬಿದ್ರೆ ಒಂದೇ ಕಡೆ ಉದ್ದಕ್ಕೂ ಡೇಟಾ ಹೋಗುತ್ತೆ, ಅಡ್ಡ ಗೀರನ್ನ ಎರರ್ ಕರೆಕ್ಷನ್ (ಹೋದ ಡೇಟಾನ ಲೆಕ್ಕ ಹಾಕಿ ವಾಪಸ್ ತರೋ ವ್ಯವಸ್ಥೆ) ಎಷ್ಟೋ ಮಟ್ಟಿಗೆ ತುಂಬ್ಕೊಳ್ಳುತ್ತೆ. ಸೀಡಿ ಆದ್ರೆ ಹೆಸರು ಬರೆಯೋ ಬದಿಗೇ ಹೆಚ್ಚು ಹೆದರಬೇಕು, ಡೇಟಾ ಇರೋದು ಆ ತೆಳು ವಾರ್ನಿಶ್ ಕೆಳಗೇ. ನಡುವಿನ ತೂತಿನಿಂದ ಬಿರುಕು ಬಿಟ್ಟಿರೋ ಡಿಸ್ಕ್ ಇದ್ರೆ ದಯವಿಟ್ಟು ಹಾಕಬೇಡಿ, ಪೂರ್ತಿ ವೇಗದಲ್ಲಿ ಒಡೆದ್ರೆ ಡ್ರೈವೊಳಗೆ ಪುಡಿ ಪುಡಿ.

ಲಿನಕ್ಸ್ ಲೈವ್ ಪೆನ್‌ಡ್ರೈವ್ (ವಿಂಡೋಸ್ ಬದಲು ಪೆನ್‌ಡ್ರೈವಿಂದಲೇ ಓಡೋ ಲಿನಕ್ಸ್) ಮಾಡ್ಕೊಳ್ಳಿ, ಅದ್ರಲ್ಲಿ ಡಿಡಿ ರೆಸ್ಕ್ಯೂ ಅಂತ ಟೂಲ್ ಹಾಕ್ಕೋಬಹುದು. ಅದು ಮೊದಲ ಸಲ ಸಲೀಸಾಗಿ ಸಿಗೋದನ್ನೆಲ್ಲ ಬಾಚ್ಕೊಂಡು, ಕಷ್ಟದ ಜಾಗ ಬಿಟ್ಟು ಮುಂದೆ ಹೋಗುತ್ತೆ, ಆಮೇಲೆ ವಾಪಸ್ ಬಂದು ಆ ಜಾಗಗಳನ್ನ ಕೆರೆಯುತ್ತೆ. ಎಲ್ಲಿ ಸಿಕ್ತು ಎಲ್ಲಿ ಸಿಗ್ಲಿಲ್ಲ ಅನ್ನೋದನ್ನ ಮ್ಯಾಪ್ ಫೈಲಲ್ಲಿ ಬರ್ಕೊಳ್ಳುತ್ತೆ. ಸೆಕ್ಟರ್ ಸೈಜ್ (ಡಿಸ್ಕಿನ ಒಂದು ತುಂಡಿನ ಅಳತೆ, ಬೈಟ್‌ಗಳಲ್ಲಿ) 2048 ಅಂತ ನೀವೇ ಕೊಡಬೇಕು, ಕೊಡದಿದ್ರೆ ಹಾರ್ಡ್‌ಡಿಸ್ಕಿನ 512 ಅಂದ್ಕೊಳ್ಳುತ್ತೆ. ಮುಖ್ಯ ವಿಷಯ ಇಲ್ಲಿದೆ: ಒಂದು ಡ್ರೈವಲ್ಲಿ ಮಾಡಿದ ಮೇಲೆ ಅದೇ ಇಮೇಜು (ಡಿಸ್ಕಿನ ನಕಲು ಫೈಲು), ಅದೇ ಮ್ಯಾಪ್ ಫೈಲ್ ಇಟ್ಕೊಂಡು ಇನ್ನೊಂದು ಡ್ರೈವಲ್ಲಿ ಮುಂದುವರಿಸಬಹುದು. ಒಂದಕ್ಕೆ ಕಾಣದ್ದು ಇನ್ನೊಂದಕ್ಕೆ ಕಾಣೋದುಂಟು, ಅದಕ್ಕೆ ಹಳೇ ಡ್ರೈವ್ ಬಿಸಾಕಬೇಡಿ.

ಹಳೇಡಬ್ಬ

ಎಂಟು ದಿನ ಆಯ್ತು, ಅಪ್ಡೇಟ್ ಕೊಡ್ತೀನಿ.

ಆಫೀಸಿನ ಗೆಳೆಯರ ಹತ್ರ ಯುಎಸ್‌ಬಿ ಡಿವಿಡಿ ಡ್ರೈವ್ ಸಿಕ್ತು. ಮೊದಲ ದಿನ ಅದೂ ಕಿಟ್ ಕಿಟ್! ತಲೆ ಕೆಟ್ಟುಹೋಯ್ತು, ನನ್ ಕೈ ಗುಣವೇ ಸರಿ ಇಲ್ಲ ಅನ್ಕೊಂಡೆ. ನೋಡಿದ್ರೆ ಹಬ್‌ಗೆ (ಒಂದು ಯುಎಸ್‌ಬಿ ಪೋರ್ಟನ್ನ ನಾಕಾರು ಮಾಡೋ ಡಬ್ಬಿ) ಹಾಕಿದ್ದೆ, ಅದೇ ಹಬ್‌ನಲ್ಲಿ ಮೌಸು ಕೀಬೋರ್ಡು ಎಲ್ಲಾ. ಹಿಂದುಗಡೆ ನೇರ ಪೋರ್ಟಿಗೆ ಹಾಕಿದ ಮೇಲೆ ಸರಿಯಾಯ್ತು.

ಸ್ಕ್ರೂಡ್ರೈವರ್_ಸರ

ಹೌದ್ರಿ, ಯುಎಸ್‌ಬಿ 2.0 ಪೋರ್ಟ್ ಕೊಡೂದ 500 ಮಿಲಿ ಆಂಪ್, ಹಬ್ಬಿನಾಗ ಅದನ್ನೂ ಹಂಚ್ಕೋಬೇಕು. ಮೋಟಾರ್ ತಿರುಗಾಕ ಶುರು ಮಾಡೂವಾಗ ಸಾಲಂಗಿಲ್ಲ. ಮುಂದ ಹೇಳ್ರಿ, ಅಪ್ಪಾರ ಡಿಸ್ಕ್ ಏನಾತು?

ಹಳೇಡಬ್ಬ

ಒಟ್ಟು 38 ಡಿಸ್ಕ್. 31 ಸುಮ್ನೆ ಕಾಪಿ ಆಯ್ತು. ನಾಕು ಡಿಸ್ಕಲ್ಲಿ ಅಲ್ಲೊಂದು ಇಲ್ಲೊಂದು ಫೋಟೋ ಹೋಗಿದೆ. ಎರಡು ಕಿಟಕಿ ಪಕ್ಕ ಇಟ್ಟಿದ್ದು ಅನ್ಸುತ್ತೆ, ಬಣ್ಣವೇ ಮಾಸಿಹೋಗಿದೆ, ಏನೂ ಓದಲಿಲ್ಲ.

ಕೊನೇದು ಅಪ್ಪನದು. ಅದನ್ನ ಕೊನೆಗೇ ಇಟ್ಕೊಂಡಿದ್ದೆ. ಯುಎಸ್‌ಬಿ ಡ್ರೈವಲ್ಲಿ ಡಿಡಿ ರೆಸ್ಕ್ಯೂ ಹಾಕಿದೆ, ಶೇಕಡಾ 90ರ ತನಕ ಓಡ್ತು, ಆಮೇಲೆ ತೆವಳೋಕೆ ಶುರು, ರಾತ್ರಿಯಿಡೀ ಬಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದ್ರೆ ಸುಮಾರು 40 ಎಂಬಿ ಸಿಕ್ಕಿರ್ಲಿಲ್ಲ, ಎಲ್ಲಾ ಅಂಚಿನ ಕಡೆದು. ಪೆಂಗ್ವಿನ್ ಅವ್ರು ಹೇಳಿದ್ರಲ್ಲ ಅಂತ ಅದೇ ಮ್ಯಾಪ್ ಫೈಲ್ ಇಟ್ಕೊಂಡು ನಮ್ಮ ಹಳೇ ಡ್ರೈವಿಗೆ ಹಾಕಿದೆ, ಇದು ಓದುತ್ತೆ ಅನ್ನೋ ಆಸೆ ಏನೂ ಇರ್ಲಿಲ್ಲ ನಿಜ ಹೇಳ್ಬೇಕಂದ್ರೆ. ಎರಡು ಮೂರು ಸಲ ಕಿಟ್ ಕಿಟ್ ಅಂತು, ಡಿಸ್ಕ್ ಹಿಡ್ಕೊಂತು, ಆಮೇಲೆ ಆ 40 ಎಂಬಿ ಕರಗ್ತಾ ಬಂತು. ಮುಂದೆ ಕೂತು ನೋಡ್ತಾನೇ ಇದ್ದೆ, 30 ಆಯ್ತು, 12 ಆಯ್ತು. ಕೊನೆಗೆ 96 ಕೆಬಿ ಮಾತ್ರ ಉಳೀತು, ಅದು ಎಷ್ಟು ಹೊತ್ತು ಬಿಟ್ರೂ ಬರ್ಲಿಲ್ಲ.

ಪೆಂಗ್ವಿನ್‌ಪ್ರೇಮಿ

ಡಿವಿಡಿಯಲ್ಲಿ ಎರರ್ ಕರೆಕ್ಷನ್ 32 ಕೆಬಿ ಬ್ಲಾಕ್ ಲೆಕ್ಕದಲ್ಲಿ ನಡೆಯೋದು, ಅಂದ್ರೆ ನಿಮಗೆ ಹೋಗಿದ್ದು ಬರೀ ಮೂರು ಬ್ಲಾಕ್. ಇನ್ನೊಂದ್ಸಲ ಪ್ರಯತ್ನ ಮಾಡೋದಾದ್ರೆ ವೇಗ ಇಳಿಸಿ ನೋಡಿ, ಲಿನಕ್ಸಿನ ಇಜೆಕ್ಟ್ ಕಮಾಂಡಿಗೆ ಮೈನಸ್ ಎಕ್ಸ್ 4 (-x 4) ಅಂತ ಕೊಟ್ರೆ ನಿಧಾನಕ್ಕೆ ತಿರುಗುತ್ತೆ. ಇಲ್ಲಾಂದ್ರೂ ವಿಡಿಯೋ ಓಡಬೇಕು, ವಿಎಲ್‌ಸಿ ಅಷ್ಟಕ್ಕೆಲ್ಲಾ ನಿಲ್ಲಲ್ಲ.

ಹಳೇಡಬ್ಬ

ಓಡ್ತು. ಒಂದು ಕಡೆ ಚಿತ್ರ ಚೌಕ ಚೌಕ ಆಗಿ ಒಡೆಯುತ್ತೆ, ಕಣ್ಣು ಮಿಟುಕಿಸೋಷ್ಟು ಹೊತ್ತು, ಅಪ್ಪ ಕ್ಯಾಮೆರಾ ಕಡೆ ತಿರುಗಿ "ಇದು ಆನ್ ಆಗಿದೆಯೇನೋ" ಅಂತ ಕೇಳೋ ಜಾಗದಲ್ಲಿ. ಮಾತು ಪೂರ್ತಿ ಕೇಳುತ್ತೆ.

ಎರಡು ಹಾರ್ಡ್‌ಡಿಸ್ಕ್‌ಗೆ ಹಾಕಿ ಒಂದನ್ನ ತಂಗಿಗೆ ಕೊಟ್ಟಿದೀನಿ.

ಸುಮ್ನೆಬಂದೆ

ಸಾರಿ ಗುರು, ಮೊದ್ಲು ಪೂರ್ತಿ ಓದಿರ್ಲಿಲ್ಲ. ನಮ್ಮನೇಲೂ ಒಂದು ಡಬ್ಬ ಇದೆ, ಡ್ರೈವ್ ಬಟನ್ ಒತ್ತಿದ್ರೆ ಗುರ್ ಅಂತ ಸೌಂಡ್ ಮಾಡುತ್ತೆ ಟ್ರೇ ಬರಲ್ಲ, ಏನ್ ಮಾಡ್ಲಿ?

ಸ್ಕ್ರೂಡ್ರೈವರ್_ಸರ

ಒಳಗ ಸಣ್ಣ ರಬ್ಬರ್ ಬೆಲ್ಟ್ ಇರ್ತೈತಿ, ಸಡಲ ಆಗಿ ಜಾರ್ತಿರಬೇಕು. ಸದ್ಯ ಪೇಪರ್ ಕ್ಲಿಪ್ಪಿನಿಂದ ತಗೀರಿ, ತೂತು ಎಲ್ಲೈತಿ ಅಂತ ಹಳೇಡಬ್ಬ ಅವ್ರನ್ನ ಕೇಳ್ರಿ, ಮೈಕ್ ಅಂತಾರ ಅದಕ್ಕ. ಉಳಿದಿದ್ದಕ್ಕ ಹೊಸ ಥ್ರೆಡ್ ಹಾಕ್ರಿ.